ಹೆಜ್ಜೆಯಣ್ಣನ ಹನ್ನೆರಡು ಸೆಕೆಂಡು

"ಕುದುರೆ ಹಾಕೋಣ ಅತ್ತಿಗೆ, ನನ್ನ ಮಾತು ಕೇಳಿ," ಎಂದ ಎಡಿಟರ್. "ಇಪ್ಪತ್ತು ಕುದುರೆ ಓಡೋ ಸದ್ದನ್ನ ಅಣ್ಣ ಒಬ್ಬರೇ ಎರಡು ಕೈಯಲ್ಲಿ ಮಾಡ್ತಿದ್ರು ಅಂತ ಕೆಳಗೆ ಒಂದು ಸಾಲು ಬರೆದುಬಿಟ್ರೆ ಸಾಕು. ಚಪ್ಪಾಳೆ ಬಂದೇ ಬರುತ್ತೆ."

"ಕುದುರೆ ಬೇಡಪ್ಪ."

"ಮಳೆ?"

"ಮಳೇನೂ ಬೇಡ."

"ಕತ್ತಿವರಸೆ ಇದೆ. ಹೋಟೆಲಲ್ಲಿ ತಟ್ಟೆ ಒಡೆಯೋ ಜಗಳ ಇದೆ. ಎಲ್ಲಾದಕ್ಕೂ ಬೇಡ ಬೇಡ ಅಂತೀರಲ್ಲ, ವರ ನೋಡೋಕೆ ಬಂದಾಗಿನ ಹುಡುಗಿ ಥರ?" ಎಂದು ನಗಿಸಲು ನೋಡಿದ.

ಆಕೆ ನಗಲಿಲ್ಲ. ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎದುರಿನ ಪರದೆಯನ್ನೇ ನೋಡುತ್ತ ಕುಳಿತಿದ್ದರು.

ಬೆಳಗಿನ ಹನ್ನೊಂದು ಗಂಟೆ. ಕಿಟಕಿಗೆ ಕಪ್ಪು ಬಟ್ಟೆ ಹೊಡೆದ ಆ ಕೋಣೆಯಲ್ಲಿ ಇಬ್ಬರು ಕೂರುವಷ್ಟೇ ಜಾಗ. ಸಂಜೆ ನಾಲ್ಕಕ್ಕೆ ಚಲನಚಿತ್ರ ಕಲಾವಿದರ ಸಂಘದ ವಾರ್ಷಿಕ ಸ್ಮರಣೆ. ವರ್ಷದಲ್ಲಿ ತೀರಿಕೊಂಡವರ ಮುಖವನ್ನೂ ಕೆಲಸವನ್ನೂ ಹತ್ತು ನಿಮಿಷದ ಒಂದು ಚಿತ್ರವಾಗಿ ಜೋಡಿಸಿ, ಸಭಾಂಗಣದ ದೀಪ ಆರಿಸಿ ತೋರಿಸುವುದು ರೂಢಿ. ಆ ವರ್ಷ ಸಾವು ಎರಡೂ ಕೈಯಲ್ಲಿ ಬಾಚಿಕೊಂಡು ಹೋಗಿತ್ತು. ಹದಿನೇಳು ಜನ. ಯಾರಿಗೆಷ್ಟು ಹೊತ್ತು ಎಂದು ಕಾರ್ಯದರ್ಶಿಗಳು ಬರೆದ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದರು. ಸಂಗೀತ ನಿರ್ದೇಶಕರಿಗೆ ಎರಡು ನಿಮಿಷ, ಹಿರಿಯ ನಾಯಕನಟರಿಗೆ ಮೂರು, ಹಾಡುಗಾರ್ತಿಗೆ ಒಂದೂವರೆ, ಹಾಸ್ಯನಟನಿಗೆ ಒಂದು. ಉಳಿದ ಮೇಕಪ್ಪಿನವರು, ಲೈಟಿನವರು, ಕುಣಿತ ಕಲಿಸುವವರು ಎಲ್ಲರಿಗೂ ತಲಾ ಹನ್ನೆರಡು ಸೆಕೆಂಡು. ಹದಿನಾಲ್ಕನೆಯ ಸಾಲಿನಲ್ಲಿ ಆಕೆಯ ಗಂಡನ ಹೆಸರಿತ್ತು. ಅದರ ಮುಂದೆ 'ಎಫೆಕ್ಟ್ಸ್' ಎಂದಿತ್ತು.

ಚಿತ್ರ ತೆಗೆಯುವಾಗ ಮಾತು ಸಿಕ್ಕಿದರೆ ಹೆಚ್ಚು. ಕಾಲ ಸಪ್ಪಳ, ಬಟ್ಟೆಯ ಸರಬರ, ಬಾಗಿಲ ಕಿರ್ರೆನ್ನುವಿಕೆ ಇವೆಲ್ಲ ಸಿಗುವುದಿಲ್ಲ. ಆಮೇಲೆ ಒಬ್ಬರು ಕತ್ತಲೆ ಕೋಣೆಯಲ್ಲಿ ನಿಂತು, ಪರದೆ ನೋಡುತ್ತ ಅವನ್ನೆಲ್ಲ ಮಾಡಿ ತುಂಬಬೇಕು. ಮೂವತ್ತನಾಲ್ಕು ವರ್ಷ ಆ ಕೆಲಸ ಮಾಡಿದವರು ಈಕೆಯ ಗಂಡ. ಒದ್ದೆ ಚರ್ಮದ ಚೀಲಕ್ಕೆ ಗುದ್ದಿ ಎಷ್ಟೋ ಖಳರ ದವಡೆ ಮುರಿದಿದ್ದರು. ಕಾಗದ ಹಿಸುಕಿ ಊರಿಗೆ ಊರೇ ಸುಟ್ಟಿದ್ದರು. ತಮ್ಮ ಮುಂಗೈಗೆ ತಾವೇ ಮುತ್ತಿಟ್ಟು ನಾಯಕಿಯರನ್ನು ನಾಚಿಸಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಯಾರ ನಡಿಗೆಯನ್ನು ಒಮ್ಮೆ ನೋಡಿದರೂ ಅವರಂತೆಯೇ ಹೆಜ್ಜೆ ಹಾಕುತ್ತಿದ್ದರು. ಅದಕ್ಕೇ ಕೆಲಸದವರೆಲ್ಲ ಹೆಜ್ಜೆಯಣ್ಣ ಎನ್ನುತ್ತಿದ್ದರು. ತೀರಿಕೊಂಡು ಮೂರು ತಿಂಗಳಾಗಿತ್ತು.

"ಕುದುರೆ ಓಡೋದು ಕಾಣುತ್ತೆ," ಎಂದರು ಆಕೆ. "ಕೇಳಿಸುತ್ತಾ?"

ಎಡಿಟರ್ ತಲೆ ಕೆರೆದುಕೊಂಡ. "ಮೇಲೆ ಸಂಗೀತ ಇರುತ್ತಲ್ಲ ಅತ್ತಿಗೆ. ಮೊದಲಿಂದ ಕಡೇವರೆಗೂ ಒಂದೇ ಹಾಡು. ಯಾರ ಸದ್ದೂ ಇಡಲ್ಲ. ಎಲ್ಲರದ್ದೂ ಹಾಗೇ ಮಾಡೋದು."

"ಅಲ್ಲಪ್ಪಾ, ಸದ್ದು ಮಾಡಿದ್ದೇ ಅವರ ಕೆಲಸ. ಸದ್ದು ಅಳಿಸಿ ಕುದುರೆ ತೋರಿಸಿದ್ರೆ ಚಪ್ಪಾಳೆ ಯಾರಿಗೆ? ಕುದುರೆಗೆ."

ಅವನು ಗುಂಡಿಯ ಮೇಲಿನ ಕೈ ತೆಗೆದ.

"ನನಗೆ ಆ ಮೆಟ್ಟಿಲಿನ ದೃಶ್ಯ ಬೇಕು. ಅದರ ಕೊನೇ ಹನ್ನೆರಡು ಸೆಕೆಂಡು. ಅಷ್ಟು ಹೊತ್ತು ಹಾಡು ನಿಲ್ಲಬೇಕು."

ಯಾವ ಮೆಟ್ಟಿಲು ಎಂದು ಅವನು ಕೇಳಲಿಲ್ಲ. ಇಪ್ಪತ್ತೇಳು ವರ್ಷದ ಹಿಂದಿನ ಚಿತ್ರ ಅದು. ಮಗ ತೀರಿಕೊಂಡ ಸುದ್ದಿಯನ್ನು ಹೆಂಡತಿಗೆ ಹೇಳಲು ತಂದೆ ಮನೆಗೆ ಬರುತ್ತಾನೆ. ಮೆಟ್ಟಿಲು ಹತ್ತತೊಡಗಿ ತಿರುವಿನಲ್ಲಿ ಮರೆಯಾಗುತ್ತಾನೆ. ಕ್ಯಾಮರಾ ಅವನ ಹಿಂದೆ ಹೋಗದೆ ಕೆಳಗೇ ನಿಂತುಬಿಡುತ್ತದೆ. ಪರದೆಯ ಮೇಲೆ ಖಾಲಿ ಮೆಟ್ಟಿಲು. ಹೆಜ್ಜೆಗಳ ಸದ್ದು ಮಾತ್ರ ಮೇಲೆ ಮೇಲೆ ಹೋಗುತ್ತದೆ, ಒಂದು ಕಡೆ ನಿಲ್ಲುತ್ತದೆ. ಅಳು ಇಲ್ಲ, ಮಾತಿಲ್ಲ. ನಾಯಕನಟರು ತೀರಿಕೊಂಡ ದಿನ ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಕಾಲಿನಲ್ಲೂ ಅಭಿನಯಿಸಬಲ್ಲ ನಟ ಎಂದು ಒಬ್ಬರು ಬರೆದರು. ಆ ಹೆಜ್ಜೆಗಳನ್ನು ದಾಖಲಿಸುವ ಹೊತ್ತಿಗೆ ನಾಯಕನಟರು ಮನೆಯಲ್ಲಿ ಊಟ ಮುಗಿಸಿ ಮಲಗಿದ್ದರು.

ಅಷ್ಟರಲ್ಲಿ ಕಾರ್ಯದರ್ಶಿಗಳು ಬಂದರು. ಹಿಂದೆ ಖಳನಾಯಕನ ಬಲಗೈ ಬಂಟನ ಪಾತ್ರ ಮಾಡುತ್ತಿದ್ದವರು. ಈಗಲೂ ಯಾವ ಬಾಗಿಲನ್ನಾದರೂ ತಳ್ಳಿಕೊಂಡೇ ಬರುತ್ತಿದ್ದರು. ಎಡಿಟರ್ ವಿಷಯ ಹೇಳಿದ. ಅವರು ಕುರ್ಚಿ ಇಲ್ಲದ್ದರಿಂದ ಬಾಗಿಲಿಗೆ ಒರಗಿ ನಿಂತರು.

"ನೋಡಿ ತಾಯಿ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತೆ. ಆದ್ರೆ ಆ ದೃಶ್ಯ ನಾಯಕರದು. ಅವರ ಮನೆಯವರು ಮೊದಲನೇ ಸಾಲಲ್ಲಿ ಕೂತಿರ್ತಾರೆ. ಅದು ಅವರ ಹೆಜ್ಜೆ ಅಲ್ಲ ಅಂತ, ಅವರು ತೀರಿಕೊಂಡ ವರ್ಷವೇ, ನಾವು ಪರದೆ ಮೇಲೆ ಬರೆದು ತೋರಿಸೋದಾ? ಹೆಣದ ಕಾಲು ಎಳೆದ ಹಾಗಾಗುತ್ತೆ."

"ಅವರ ಮುಖ ಅವರಿಗಿರ್ಲಿ, ಮಾತು ಅವರಿಗಿರ್ಲಿ. ಆ ಮೆಟ್ಟಿಲಲ್ಲಿ ಅವರು ಇಲ್ವೇ ಇಲ್ವಲ್ಲ ಸ್ವಾಮಿ."

"ಇಲ್ದಿದ್ರೂ ಇದ್ದಾರೆ. ಅದಕ್ಕೇ ಅವರನ್ನ ದೊಡ್ಡ ನಟರು ಅನ್ನೋದು." ತಮ್ಮ ಮಾತು ತಮಗೇ ಹಿಡಿಸಿದಂತೆ ಮೀಸೆ ಸವರಿ ಮುಂದುವರಿಸಿದರು. "ಇನ್ನು ಹಾಡು ನಿಲ್ಲಿಸೋ ಮಾತು ಆಡಲೇಬೇಡಿ. ಸಂಗೀತ ನಿರ್ದೇಶಕರ ಮಗಳೇ ಕೂತು ಆರಿಸಿಕೊಟ್ಟ ಹಾಡು. ಸೌಂಡ್ ರೂಮಿಗೆ ಚೀಟಿ ಟೈಪ್ ಆಗಿ ಹೋಗಿದೆ. ಸಂಗೀತ ನಿರಂತರ ಅಂತ ಬರೆಸಿದ್ದೀನಿ. ಎಡಿಟರೇ, ಕುದುರೆ ಹಾಕಿ ಮುಗಿಸಿ. ಮೂರೂವರೆಗೆ ನನ್ನ ಕೈಲಿರಬೇಕು."

ಬಾಗಿಲು ಮುಚ್ಚಿತು. ಎಡಿಟರ್ ಆಕೆಯ ಮುಖ ನೋಡದೆ ಕುದುರೆಗಳನ್ನು ಹುಡುಕತೊಡಗಿದ. ಪರದೆಯ ಮೇಲೆ ಧೂಳೆಬ್ಬಿಸಿಕೊಂಡು ಒಂದು ದಂಡು ಬಂತು.

"ಒಂದು ಮಾತು ಹೇಳ್ತೀನಿ," ಎಂದರು ಆಕೆ. "ಕೇಳಿಸ್ಕೊಂಡು ಆಮೇಲೆ ಏನು ಬೇಕಾದ್ರೂ ಹಾಕು. ನಮಗೊಂದು ಮಗು ಇತ್ತು. ನಿನಗೆ ಗೊತ್ತಿರ್ಲಿಕ್ಕಿಲ್ಲ."

"ಇಲ್ಲ ಅತ್ತಿಗೆ."

"ಹೆಣ್ಣುಮಗು. ಐದು ತುಂಬಿ ಆರಕ್ಕೆ ಬಿದ್ದಿತ್ತು. ಆಗ ನಾವು ಮೂರನೇ ಮಹಡಿಯಲ್ಲಿದ್ವಿ. ಅವಳಿಗೂ ನನಗೂ ಒಂದೇ ಜ್ವರ. ನನಗೆ ಎದ್ದು ಕೂರೋಕೂ ಆಗ್ತಿರ್ಲಿಲ್ಲ. ಅವರೊಬ್ಬರೇ ಅವಳನ್ನ ಹೆಗಲ ಮೇಲೆ ಹಾಕ್ಕೊಂಡು ಆಸ್ಪತ್ರೆಗೆ ಹೋದ್ರು. ಓಡಿ ಇಳಿದ್ರು. ಮಲಗಿದ ಕಡೆಯಿಂದಲೇ ಕೇಳಿಸ್ಕೊಂಡೆ. ಮಾರನೇ ದಿನ ಮಧ್ಯಾಹ್ನ ವಾಪಸು ಬಂದ್ರು. ಕೆಳಗಿನ ಮೆಟ್ಟಿಲಿಂದ ಹತ್ತೋದು ಕೇಳಿಸ್ತು. ಹೆಗಲಲ್ಲಿ ಮಗು ಇದ್ದಾಗ ಗಂಡಸಿನ ಹೆಜ್ಜೆ ಒಂದು ಥರ ಬೀಳುತ್ತೆ, ಇಲ್ದೆ ಹೋದಾಗ ಒಂದು ಥರ. ಅವರು ಎರಡನೇ ಮಹಡಿಗೆ ಬರೋ ಹೊತ್ತಿಗೇ ನನಗೆ ಗೊತ್ತಾಯ್ತು. ಬಾಗಿಲ ಹತ್ರ ಬಂದು ನಿಂತ್ರು. ಬಡೀಲಿಲ್ಲ. ಅವರು ಆಚೆ ನಿಂತಿದ್ರು, ನಾನು ಈಚೆ ಮಲಗಿದ್ದೆ. ಎಷ್ಟು ಹೊತ್ತೋ, ದೇವರೇ ಬಲ್ಲ."

ಎಡಿಟರ್ ಕುದುರೆಗಳನ್ನು ನಿಲ್ಲಿಸಿದ.

"ಮೂರನೇ ದಿನ ಕೆಲಸಕ್ಕೆ ಹೋದ್ರು. ಹೋಗಬೇಡಿ ಅಂದೆ, ಕೇಳಲಿಲ್ಲ. ಯಾವ ಚಿತ್ರ, ಏನು ಕೆಲಸ ಅಂತ ನಾನೂ ಕೇಳಲಿಲ್ಲ. ಆರು ತಿಂಗಳಾದ ಮೇಲೆ ಪಕ್ಕದ ಮನೆಯಾಕೆ, ಎಷ್ಟು ದಿನ ಅಂತ ಹೀಗೆ ಮೂಲೆ ಹಿಡಿದು ಕೂರ್ತೀಯೇ ಅಂತ ಬಲವಂತ ಮಾಡಿ ಟಾಕೀಸಿಗೆ ಕರ್ಕೊಂಡು ಹೋದಳು. ಖಾಲಿ ಮೆಟ್ಟಿಲು ಬಂತು. ಮೊದಲನೇ ಹೆಜ್ಜೆ ಕೇಳಿದೆ ನೋಡು..." ಆಕೆ ಚೀಲದ ಹಿಡಿಯನ್ನು ಬಿಟ್ಟು ಕೈಗಳನ್ನು ಹಾಗೇ ಗಾಳಿಯಲ್ಲಿ ಹಿಡಿದರು. "ಅದೇ ನಡಿಗೆಯಪ್ಪ. ನಾನು ಹಾಸಿಗೆಯಲ್ಲಿ ಕೇಳಿದ್ದು. ಬಾಗಿಲ ಹತ್ರ ನಿಂತಿದ್ದೂ ಅದೇ."

"ಮನೆಗೆ ಬಂದು ಅಣ್ಣನ್ನ ಕೇಳಲಿಲ್ವಾ?"

"ಏನಂತ ಕೇಳಲಿ?"

ಕೋಣೆಯ ಯಂತ್ರ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ಆ ಮಗುವಿಗೋಸ್ಕರ ಅವರು ಒಂದು ಹನಿ ಕಣ್ಣೀರು ಹಾಕಿದ್ದು ನಾನು ಕಾಣೆ. ಅತ್ತಿದ್ದು ಅಂತಿದ್ರೆ ಅಲ್ಲಿ, ಆ ಮೆಟ್ಟಿಲಲ್ಲಿ. ಅದನ್ನ ಊರೆಲ್ಲ ಕೇಳಿದೆ. ಬೇರೆಯವರದು ಅಂದ್ಕೊಂಡು ಕೇಳಿದೆ. ಒಂದೇ ಒಂದು ಸಲ ಅವರ ಹೆಸರಲ್ಲಿ ಕೇಳಲಿ ಅಂತ ನನ್ನ ಆಸೆ. ನನಗೂ ವಯಸ್ಸಾಯ್ತು. ನಾನು ಹೋದ್ರೆ ಇದು ಗೊತ್ತಿರೋನು ದೇವರೊಬ್ಬನೇ. ಅವನು ಯಾರಿಗೂ ಹೇಳೋನಲ್ಲ."

ಎಡಿಟರ್ ಬಹಳ ಹೊತ್ತು ಕನ್ನಡಕ ಒರೆಸಿದ. ಆಮೇಲೆ ಗೋಡೆಯ ಗಡಿಯಾರ ನೋಡಿದ.

"ಯಾರಿಗೂ ಹೇಳಬೇಡಿ," ಎಂದ. "ಕಾರ್ಯದರ್ಶಿಗಳಿಗೆ ಕುದುರೆ ಹಾಕಿದ್ದೀನಿ ಅಂತೀನಿ. ಸೌಂಡ್ ರೂಮಿನವನಿಗೂ ಹೇಳಲ್ಲ. ಅವನಿಗೆ ಹೇಳೋದೂ ಒಂದೇ, ಇವರ ಕಿವಿಗೆ ಊದೋದೂ ಒಂದೇ. ಪರದೆ ಮೇಲೆ ಬಂದಾದ ಮೇಲೆ ಬೈದ್ರೆ ಬೈಸ್ಕೊಳ್ಳೋಣ. ಅಣ್ಣನ ಹೆಸರನ್ನ ಮೊದಲೇ ಹಾಕಲ್ಲ ಅತ್ತಿಗೆ. ಹೆಜ್ಜೆ ಎಲ್ಲಾ ಕೇಳಿ ಮುಗೀಲಿ. ಆ ಕೊನೇದು ನಿಲ್ಲುತ್ತಲ್ಲ, ಆಗ ಹೆಸರು ಬರಲಿ. ಜನ ಉಸಿರು ಬಿಡಬಾರದು."

ನಾಲ್ಕಕ್ಕೆ ಸಭಾಂಗಣ ತುಂಬಿತ್ತು. ಮೊದಲ ಸಾಲಿನಲ್ಲಿ ನಾಯಕನಟರ ಮನೆಯವರು, ಅವರ ಪಕ್ಕದಲ್ಲಿ ಸಂಗೀತ ನಿರ್ದೇಶಕರ ಮಗಳು. ಹನ್ನೆರಡು ಸೆಕೆಂಡಿನವರ ಮನೆಯವರಿಗೆ ಒಂಬತ್ತನೆಯ ಸಾಲು. ಆಕೆಯ ಪಕ್ಕದಲ್ಲಿ, ನಲವತ್ತು ವರ್ಷ ಬರೀ ತಾಯಿಯ ಪಾತ್ರ ಮಾಡಿದ್ದ ಮುದುಕಿ ಬಂದು ಕುಳಿತರು.

"ಮುಂದಿನ ವರ್ಷ ನಾನೂ ಆ ಪರದೆ ಮೇಲೇನೇ," ಎಂದು ಕಿವಿಯ ಹತ್ತಿರ ಬಾಗಿ ಹೇಳಿದರು. "ಫೋಟೋ ಈಗಲೇ ಕೊಟ್ಟಿದ್ದೀನಿ, ಮೂವತ್ತು ವರ್ಷದ ಹಿಂದಿನದು. ಇವರನ್ನ ನಂಬಿದ್ರೆ ಆಸ್ಪತ್ರೆ ಫೋಟೋ ಹಾಕ್ತಾರೆ ಕಣೇ. ನಿಮ್ಮೋರದು ಯಾವುದು ಹಾಕ್ತಾರಂತೆ?"

"ನೋಡಿ ಅಕ್ಕಾ, ಬರುತ್ತೆ."

ದೀಪ ಆರಿತು. ಹಾಡು ಶುರುವಾಯಿತು. ಸಂಗೀತ ನಿರ್ದೇಶಕರು ಹಾರ್ಮೋನಿಯಮ್ಮಿನ ಮುಂದೆ ಕುಳಿತು ನಗುವ ಚಿತ್ರ ಬಂದಾಗ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಯಕನಟರು ಬಂದಾಗ ಹಿಂದಿನ ಸಾಲುಗಳಲ್ಲಿ ಯಾರೋ ಜೋರಾಗಿ ಅತ್ತರು. ಹಾಡುಗಾರ್ತಿಯ ತುಟಿ ಹಾಡುತ್ತಿತ್ತು, ಕೇಳಿಸುತ್ತಿದ್ದದ್ದು ಬೇರೆಯ ಹಾಡು. ಆಕೆ ಬೆರಳು ಮಡಿಸಿ ಲೆಕ್ಕ ಹಿಡಿಯುತ್ತಿದ್ದರು. ಹತ್ತು. ಹನ್ನೊಂದು. ದೇವರೇ, ನನಗಾಗಿ ಇನ್ನೇನೂ ಬೇಡುವುದಿಲ್ಲ, ಇದೊಂದನ್ನು ನಡೆಸಿಕೊಡು ಎಂದು ಒಳಗೊಳಗೇ ಬೇಡಿದರು. ಹದಿಮೂರನೆಯವರು ಲೈಟಿನವರು. ಏಣಿಯ ಮೇಲೆ ನಿಂತು ಕೈ ಬೀಸಿ ಅವರೂ ಹೋದರು.

ಹಾಡು ನಿಂತಿತು.

ಖಾಲಿ ಮೆಟ್ಟಿಲು ಬಂತು. ಬೂದು ಗೋಡೆ, ಮೆಟ್ಟಿಲಂಚಿನ ಸವೆದ ಕಂಬಿ, ಮೇಲಿಂದ ಬೀಳುವ ಸ್ವಲ್ಪ ಬೆಳಕು. ಎಡಿಟರ್ ಆರಿಸಿದ್ದ ಕೊನೆಯ ಹನ್ನೆರಡು ಸೆಕೆಂಡು ಶುರುವಾಗುವುದು ಮಹಡಿಯ ತಿರುವಿನಲ್ಲಿ ಹೆಜ್ಜೆ ಒಂದು ಗಳಿಗೆ ತಡೆಯುವಲ್ಲಿ. ಅಲ್ಲಿ ಏನೂ ಕೇಳಿಸುವುದಿಲ್ಲ. ಸಭಾಂಗಣದಲ್ಲಿ ಯಾರೋ ಕೆಮ್ಮಿದರು. ಆಮೇಲೆ ಎಲ್ಲೋ ಮೇಲಿನಿಂದ ಒಂದು ಹೆಜ್ಜೆ ಬಿತ್ತು. ಆಕೆಯ ಕೈ ತಾನಾಗಿಯೇ ಎದೆಗೆ ಹೋಯಿತು.

ಎರಡನೆಯದು ಬೀಳುವ ಮೊದಲೇ ಹಾಡು ಭೋರೆಂದು ನುಗ್ಗಿತು. ಪರದೆ ಕಪ್ಪಾಯಿತು. ಸಂಘದ ಲಾಂಛನ ಬಂದು ಹೋಯಿತು. ಬೆಳಕಾದಾಗ ಅಲ್ಲಿ ಕುಣಿತ ಕಲಿಸುವ ಮೇಷ್ಟ್ರು ಸಾಲುಗಟ್ಟಿದ ಹುಡುಗಿಯರಿಗೆ ತಾಳ ತೋರಿಸುತ್ತಿದ್ದರು. ಅದು ಹದಿನೈದನೆಯದು.

"ಸೌಂಡು ಕೈಕೊಡ್ತು," ಎಂದರು ಪಕ್ಕದ ಮುದುಕಿ. "ಸದ್ಯ, ಬೇಗ ಸರಿಮಾಡಿದ್ರಲ್ಲ, ಪುಣ್ಯಾತ್ಮರು. ನಿಮ್ಮೋರು ಬಂದ್ರಾ? ನಾನು ನೋಡಲೇ ಇಲ್ವಲ್ಲೇ."

ದೀಪ ಹತ್ತಿದ ಮೇಲೆ ಕಾರ್ಯದರ್ಶಿಗಳು ಮೈಕಿನ ಮುಂದೆ ಬಂದು, ನಡುವೆ ಆದ ಸಣ್ಣ ತಾಂತ್ರಿಕ ದೋಷಕ್ಕೆ ಎಲ್ಲರೂ ಕ್ಷಮಿಸಬೇಕೆಂದು ಕೈಮುಗಿದರು. ಜನ ದೊಡ್ಡ ಮನಸ್ಸಿನಿಂದ ಚಪ್ಪಾಳೆ ತಟ್ಟಿದರು. ಆಕೆ ಕುಳಿತವರ ಮೊಣಕಾಲುಗಳನ್ನು ದಾಟಿಕೊಂಡು ಹೊರಗೆ ಬಂದರು. ಸೌಂಡ್ ರೂಮಿಗೆ ಹಿಂದಿನಿಂದ ಕಬ್ಬಿಣದ ಏಣಿಮೆಟ್ಟಿಲು. ಕಂಬಿ ಹಿಡಿದು ಹತ್ತಿದರು. ಒಳಗೆ ಎಡಿಟರ್ ಆಗಲೇ ಬಂದು ಆಪರೇಟರನ ಅಂಗಿ ಹಿಡಿದಿದ್ದ.

"ಯಾಕೆ ತೆಗೆದೆಯೋ? ಯಾರು ಹೇಳಿದ್ರು ನಿನಗೆ?"

"ಒಳ್ಳೇ ಕಥೆ ಆಯ್ತಲ್ಲ!" ಎಂದ ಆಪರೇಟರ್. ಐವತ್ತು ದಾಟಿದ, ಕಿವಿಯ ಹತ್ತಿರ ಕೂದಲು ನರೆತ ಮನುಷ್ಯ. "ಚಿತ್ರ ಅಲ್ಲಾಡ್ತಿಲ್ಲ, ಸೌಂಡ್ ಇಲ್ಲ, ಫೈಲು ಸಿಕ್ಕಿಹಾಕ್ಕೊಳ್ತು ಅಂತ ಯಾರಿಗಾದ್ರೂ ಅನ್ಸುತ್ತೆ. ಚೀಟಿ ನೋಡಿ ಸಾರ್, ಸಂಗೀತ ನಿರಂತರ. ಹದಿನೆಂಟು ವರ್ಷ ಆಯ್ತು, ಈ ಹಾಲಲ್ಲಿ ಮೂರು ಸೆಕೆಂಡ್ ಸದ್ದು ಹೋಗೋಕೆ ಬಿಟ್ಟೋನಲ್ಲ ನಾನು. ಎರಡನೇ ಪ್ಲೇಯರಲ್ಲಿ ಹಾಡು ಇಟ್ಕೊಂಡೇ ಕೂತಿರ್ತೀನಿ. ಟಕ್ ಅಂತ ಎತ್ತಿದೆ, ಫೈಲನ್ನ ಮುಂದಕ್ಕೆ ಹಾರಿಸಿದೆ. ಬೆನ್ನು ತಟ್ಟೋದು ಬಿಟ್ಟು ಅಂಗಿ ಹಿಡೀತೀರಲ್ಲ!"

ಎಡಿಟರ್ ಅಂಗಿ ಬಿಟ್ಟ. ಹೇಳದೆ ಇದ್ದದ್ದು ತಾನೇ. ಹೆಸರನ್ನು ಕೊನೆಗಿಟ್ಟದ್ದೂ ತಾನೇ. ಬಾಗಿಲಲ್ಲಿ ನಿಂತ ಆಕೆಯನ್ನು ನೋಡಿ ಅವನ ಮುಖ ಕಪ್ಪಿಟ್ಟಿತು.

"ಮತ್ತೆ ಹಾಕಪ್ಪ," ಎಂದರು ಆಕೆ ಆಪರೇಟರನಿಗೆ. "ಈಗಲೇ ಹಾಕು. ಹನ್ನೆರಡೇ ಸೆಕೆಂಡು."

"ಅತಿಥಿಗಳು ಮಾತಾಡ್ತಿದ್ದಾರಮ್ಮಾ."

"ಮಾತಾಡ್ಲಿ. ಅವರಿಗೆ ಇನ್ನೂ ಬಾಯಿದೆ, ನಾಳೆನೂ ಮಾತಾಡ್ತಾರೆ. ಹಾಕು."

"ಪರದೆ ಸುತ್ತಿಟ್ಟಾಯ್ತಮ್ಮಾ..."

ಆಕೆ ಮುಂದೆ ಹೋಗಿ ಆ ಗುಂಡಿಗಳ ಹಲಗೆಯ ಮೇಲೆ ಎರಡೂ ಕೈ ಊರಿದರು. ಯಾವುದು ಏನೆಂದು ತಿಳಿಯದೆ ಸಿಕ್ಕಿದ್ದನ್ನೆಲ್ಲ ಮೇಲಕ್ಕೆ ತಳ್ಳಿದರು. ಕೆಳಗೆ ಮೈಕು ಕೀಯೆಂದು ಕಿರುಚಿತು. ಅತಿಥಿಗಳು ಕಿವಿ ಮುಚ್ಚಿಕೊಂಡರು, ಸಭೆಯೆಲ್ಲ ಹಿಂತಿರುಗಿ ಗಾಜಿನ ಕಡೆ ನೋಡಿತು. ಎಡಿಟರ್ ಹಿಂದಿನಿಂದ ಬಂದು ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ.

"ಬೇಡ ಅತ್ತಿಗೆ. ಬೇಡ. ಮುಂದಿನ ವರ್ಷ ಕಾಲಿಗೆ ಬಿದ್ದಾದ್ರೂ ಹಾಕಿಸ್ತೀನಿ."

"ಮುಂದಿನ ವರ್ಷಕ್ಕೆ ಸತ್ತೋರು ಬೇರೆ ಇರ್ತಾರಲ್ಲಪ್ಪ," ಎಂದರು ಆಕೆ. ಗೋಡೆಗೆ ಬೆನ್ನು ಕೊಟ್ಟು ಹಾಗೇ ಜಾರಿ ನೆಲದ ಮೇಲೆ ಕುಳಿತರು. ತಲೆ ಎತ್ತಿ ಸೂರು ನೋಡಿದರು. "ನೀನೂ ಚೀಟಿ ನೋಡ್ಕೊಂಡೇ ಕೆಲಸ ಮಾಡ್ತೀಯಾ?" ಎಂದು ಕೇಳಿದರು. ಕೇಳಿದ್ದು ತನ್ನನ್ನೇ ಎಂದುಕೊಂಡ ಆಪರೇಟರ್, "ನಮಗೆ ಬೇರೆ ಏನು ದಾರಿಯಮ್ಮಾ," ಎಂದ.

ಕೆಳಗೆ ಭಾಷಣ ಮುಗಿದು ಜನ ಏಳತೊಡಗಿದರು. ಹೊರಗೆ ಹೋಗುವವರಲ್ಲಿ ಕೆಲವರು ಆ ಹಾಡನ್ನು ಗುನುಗುತ್ತಿದ್ದರು.

"ಅದರಲ್ಲಿ ಏನಿತ್ತು ಸಾರ್ ಅಂಥದ್ದು?" ಆಪರೇಟರ್ ಎಡಿಟರನನ್ನು ಮೆಲ್ಲಗೆ ಕೇಳಿದ.

"ಹೆಜ್ಜೆ ಇತ್ತು. ಇವರ ಯಜಮಾನರದು."

"ಯಾವ ಹೆಜ್ಜೆ? ನನಗೆ ಕೇಳಿಸಲೇ ಇಲ್ಲ."

ಎಡಿಟರ್ ಹೇಳಿದ. ಎಲ್ಲವನ್ನೂ ಅಲ್ಲ. ಮೂರನೆಯ ಮಹಡಿ, ಮಗು, ಬಾಗಿಲು, ಇಷ್ಟು. ಆಪರೇಟರ್ ಕೇಳುತ್ತ ಕೇಳುತ್ತ ತನ್ನ ಚೀಟಿಯನ್ನು ಮಡಿಸಿ ಮಡಿಸಿ ಉಗುರಿನಷ್ಟು ಮಾಡಿದ. ಆಮೇಲೆ ಆಕೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಅಮ್ಮಾ, ತಪ್ಪಾಯ್ತು. ಜನ ಎಲ್ಲಾ ಹೋಗ್ಲಿ. ಪರದೆ ಇಳಿಬಿಟ್ಟು ಇಡೀ ಹಾಲಿಗೆ ಕೇಳೋ ಹಾಗೆ ಹಾಕ್ತೀನಿ. ನೀವೊಬ್ಬರೇ ಕೂತ್ಕೊಂಡು ಕೇಳಿ. ಎಷ್ಟು ಸಲ ಬೇಕಾದ್ರೂ."

"ನಾನು ಕೇಳಿದ್ದೀನಪ್ಪ," ಎಂದರು ಆಕೆ. "ನಾನು ಕೇಳಿ ಏನಾಗಬೇಕು? ನೀನು ಕೇಳು."

ಕೆಳಗೆ ಆಳುಗಳು ಕುರ್ಚಿ ಮಡಿಸಿ ಒಂದರ ಮೇಲೊಂದು ಎಸೆಯುತ್ತಿದ್ದರು. ಆ ಗಲಾಟೆ ಗಾಜನ್ನು ದಾಟಿ ಬರುತ್ತಿತ್ತು. ಆಪರೇಟರ್ ಎದ್ದು ತನ್ನ ಕುರ್ಚಿಯಲ್ಲಿ ಕುಳಿತು, ಹೆಡ್‌ಫೋನನ್ನು ತಲೆಗೆ ಹಾಕಿಕೊಂಡು ಎರಡೂ ಕಿವಿಗೆ ಒತ್ತಿ ಸರಿಮಾಡಿಕೊಂಡ. ಮುಂದಿನ ಸಣ್ಣ ಪರದೆಯಲ್ಲಿ ಖಾಲಿ ಮೆಟ್ಟಿಲು ಬಂತು. ಆಕೆಗೂ ಎಡಿಟರನಿಗೂ ಏನೂ ಕೇಳಿಸಲಿಲ್ಲ. ಆಕೆ ನೆಲದ ಮೇಲಿಂದ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ತಲೆಯನ್ನು ಒಂದು ಕಡೆಗೆ ವಾಲಿಸಿದ. ಪರದೆಯಿಂದ ಕಣ್ಣು ತೆಗೆಯದೆ ಎಡಗೈಯನ್ನು ಹಿಂದಕ್ಕೆ ಚಾಚಿ, ಗೋಡೆಯಲ್ಲಿ ತಡಕಾಡಿ, ಫ್ಯಾನನ್ನು ಆರಿಸಿದ.

ರೆಕ್ಕೆಗಳು ನಿಧಾನವಾಗುತ್ತ ಬಂದು ನಿಂತವು. ಮೇಜಿನ ಮೇಲೆ ಪಟಪಟನೆ ಹಾರುತ್ತಿದ್ದ ಕಾಗದಗಳು ಒಂದರ ಮೇಲೊಂದು ಮಲಗಿದವು.